ಸೇವಂತಿಗೆಯ ಬಾಣಂತನ

ಹೂ ಬಿಟ್ಟ ಗಿಡದ ಹತ್ತಿರ ನಂಜತ್ತೆ ನಿಂತದ್ದನ್ನು ನಾನು ಕಂಡಿಲ್ಲ. ಕಾರ್ತಿಕದಲ್ಲಿ ನಮ್ಮ ಹಿತ್ತಲು ಹಳದಿ ಸೇವಂತಿಗೆಯಿಂದ ತುಂಬಿದಾಗ ಹಲಸೂರಿನ ನಮ್ಮ ಕೇರಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಬರುತ್ತಿದ್ದರು. ಅವರು ನಗುತ್ತ ಹೂ ಬಿಡಿಸುವಾಗ ಅತ್ತೆ ಒಳಗೆ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ಸಂಕ್ರಾಂತಿ ಕಳೆದು, ಹೂವೆಲ್ಲ ಕಂದಿ, ಇತ್ತ ಯಾರೂ ತಿರುಗಿ ನೋಡದ ಹೊತ್ತಿಗೆ ಸೆರಗು ಸಿಕ್ಕಿಸಿ, ಕುಡುಗೋಲು ಹಿಡಿದು ಹಿತ್ತಲಿಗೆ ಇಳಿಯುತ್ತಿದ್ದಳು.

ಅವಳು ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಪ್ಲೇಗಿಗೆ ಕಳೆದುಕೊಂಡು ತವರಿಗೆ ಬಂದವಳು. ಮಕ್ಕಳಿರಲಿಲ್ಲ. ವಿಧವೆ ಕಿತ್ತ ಹೂವು ದೇವರಿಗೂ ಆಗದು, ಮುತ್ತೈದೆಯರಿಗೂ ಆಗದು ಎಂದು ನಮ್ಮವರು ನಂಬಿದ್ದರು. ಬೇರಿನ ವಿಷಯದಲ್ಲಿ ಯಾರೂ ಏನೂ ಹೇಳಿರಲಿಲ್ಲ.

ಒಣಗಿದ ಕಾಂಡಗಳನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸುವಳು. ಬುಡ ಕೆದಕಿ, ಒಲೆಯ ಬೂದಿ, ಹಳೆಯ ಗೊಬ್ಬರ ಹಾಕುವಳು. ಬಿಸಿಲು ತಾಗದಂತೆ ತೆಂಗಿನ ಗರಿ ಹೊದಿಸುವಳು. ಬೇಸಗೆ ಪೂರ್ತಿ ಚೊಂಬಿನಿಂದ ಕೈಗೆ ಸುರಿದುಕೊಂಡು, ಬೆರಳ ಸಂದಿಯಿಂದ ಅಷ್ಟಷ್ಟೇ ನೀರು ಬಿಡುವಳು.

ಪಕ್ಕದ ಮನೆಯ ಕಮಲಮ್ಮ ಬೇಲಿಯಾಚೆಯಿಂದ ರೇಗಿಸುತ್ತಿದ್ದಳು. “ಏನ್ ನಂಜಮ್ಮಾ, ಒಣಕಲು ಕಡ್ಡಿಗೂ ನೀರು ಹುಯ್ತೀಯಲ್ಲ! ಅದೇನು ನಿನಗೆ ಪಾಯಸ ಮಾಡಿ ಹಾಕುತ್ತಾ?”

“ಕೂಸನ್ನ ಎತ್ಕೊಂಡು ಹೋದೋರು ನೀವೇ ಅಲ್ವೇನೇ? ಬಾಣಂತಿಗೆ ಗಂಜಿ ಕಾಯಿಸೋರು ಯಾರೇ?”

“ಹಂಗಾದ್ರೆ ಒಂದು ಕೊಡ ಸುರಿದುಬಿಡು.”

“ಹಸಿ ಬಾಣಂತಿಗೆ ಯಾರಾದ್ರೂ ತಣ್ಣೀರು ಸುರೀತಾರಾ? ನಾಲ್ಕು ಹೆತ್ತಿದ್ದೀಯ, ಇಷ್ಟು ಗೊತ್ತಿಲ್ವಾ ನಿನಗೆ!”

ಕಮಲಮ್ಮ ನಗುತ್ತ ಒಳಗೆ ಹೋಗುವಳು. ಅತ್ತೆ ನಗುತ್ತಿರಲಿಲ್ಲ.

ಯುದ್ಧದ ಕಾಲದಲ್ಲಿ ನನ್ನ ತಂಗಿಯ ಮದುವೆಯಾಯಿತು. ಅಕ್ಕಿ, ಸಕ್ಕರೆ ಎರಡಕ್ಕೂ ಪರದಾಟ. ಛತ್ರ ಬೇಡ, ಹಿತ್ತಲಲ್ಲೇ ಚಪ್ಪರ ಹಾಕೋಣವೆಂದು ಅಪ್ಪ ನಿಶ್ಚಯಿಸಿದರು. ಅತ್ತೆ ಹಪ್ಪಳ ಒತ್ತಲು ಬಾಣಸವಾಡಿಯ ನೆಂಟರ ಮನೆಗೆ ಹೋಗಿದ್ದಾಗ ಆಳುಗಳು ಬಂದು ನೆಲ ಹಸನು ಮಾಡಿದರು. ಗರಿ ತೆಗೆದು, ಮೋಟು ಕಡ್ಡಿಗಳನ್ನು ಬೇರುಸಹಿತ ಅಗೆದು ತಿಪ್ಪೆಗೆ ಹಾಕಿದರು. ಮದುವೆಯ ದಿನ ಬೆಳಿಗ್ಗೆ ಅತ್ತೆ ಹಿಂದಿರುಗಿದಳು.

“ಒಣ ಕಡ್ಡಿ ತಾನೇ ಅಕ್ಕಾ,” ಎಂದರು ಅಪ್ಪ. ಅವರಿಗೆ ನಿಜವಾಗಿ ತಿಳಿದಿರಲಿಲ್ಲ.

ಧಾರೆಯ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋದೆ. ಓಲಗ ಜೋರಾಗಿತ್ತು. ಬಚ್ಚಲ ಹಿಂದೆ ತಿಪ್ಪೆಯಲ್ಲಿ ಮೊಣಕಾಲೂರಿ, ಬಾಳೆಯ ಸಿಪ್ಪೆಗಳ ನಡುವಿನಿಂದ ಬೇರುಗಳನ್ನು ಆರಿಸುತ್ತಿದ್ದಳು. ತವರಿಗೆ ಬಂದ ವರ್ಷ ನೆಟ್ಟ ಬೇರಿನ ಸಂತಾನ ಅದು. ಅದು ಸತ್ತರೆ ಬೇರೆ ಬುಡ ಇರಲಿಲ್ಲ.

“ಬಾ ಅತ್ತೆ, ಧಾರೆ ನೋಡು.”

“ನಾನು ಎದುರಿಗೆ ಬಂದ್ರೆ ಯಾರ ಮುಖ ಅರಳುತ್ತೋ? ಇವಕ್ಕೆ ಇವತ್ತೇ ಮಣ್ಣು ಕಾಣಿಸ್ಬೇಕು. ಗುಂಡಿ ತೋಡು. ಆಳ ಬೇಡ.”

ಬಚ್ಚಲ ನೀರು ಹರಿಯುವ ಕಡೆ ನಾನು ತೋಡಿದೆ, ಅವಳು ನೆಟ್ಟಳು. ತಂಗಿಯ ಬೊಗಸೆಗೆ ಅರಳು ಹಾಕಲು ನನ್ನನ್ನು ಕೂಗಿದಾಗ, “ಹೋಗೋ, ಅಣ್ಣ ನೀನೇ ಅಲ್ವಾ,” ಎಂದು ಬೈದು ಕಳಿಸಿದಳು. ಉಗುರಿನಲ್ಲಿ ಮಣ್ಣಿಟ್ಟುಕೊಂಡೇ ಅರಳು ಹಾಕಿದೆ. ಈಗ ನಮ್ಮ ಮನೆಯಲ್ಲಿ ನನ್ನನ್ನು ಹಾಗೆ ಬೈಯುವವರಿಲ್ಲ.

ಆ ಬೇಸಗೆಯೇ ಅವಳು ಮಲಗಿದ್ದು. ಜ್ವರ ಬಿಡಲಿಲ್ಲ, ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಬರಲೊಲ್ಲಳು. “ಮಳೆ ಬೀಳೋವರೆಗೆ ಇವನ್ನ ಯಾರು ನೋಡ್ತಾರೆ?” ನಾನು ನೋಡುತ್ತೇನೆಂದ ಮೇಲೆಯೇ ಗಾಡಿ ಹತ್ತಿದಳು. ಬೆಳಿಗ್ಗೆ ಎದ್ದು ಬೆರಳ ಸಂದಿಯಿಂದ ನೀರು ಬಿಟ್ಟು, ರಸೆಲ್ ಮಾರ್ಕೆಟ್ಟಿನ ಹತ್ತಿರದ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿ, ಸಂಜೆ ದಂಡು ಪ್ರದೇಶದ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂರುತ್ತಿದ್ದೆ. ಮನೆಯವರ ಕ್ಷೇಮ ಅವಳು ಕೇಳುತ್ತಿರಲಿಲ್ಲ.

ಒಂದು ರಜೆಯ ದಿನ ಬೆಳಿಗ್ಗೆಯೇ ಹೋದೆ. ಮೂರು ಬುಡಗಳಲ್ಲಿ ಹಸಿರು ಮರಿ ಕಾಣಿಸಿದೆ ಎಂದೆ.

“ಎಷ್ಟು ದೊಡ್ಡದು?”

“ಅಕ್ಕಿಕಾಳಿನಷ್ಟು.”

ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. “ಹಂಗಾದ್ರೆ ಇಲ್ಲಿ ಕೂತು ಏನ್ಮಾಡ್ತೀಯೋ? ಬಿಸಿಲು ಏರ್ತಾ ಇದೆ. ಗರಿ ಸರಿಯಾಗಿ ಮುಚ್ಚಿದ್ದೀಯಾ? ಹೋಗು.”

“ಸಂಜೆವರೆಗೂ ಇರ್ತೀನಿ ಅತ್ತೆ.”

“ನಾನೇನು ಓಡಿಹೋಗ್ತೀನಾ? ಎದ್ದು ಹೋಗು ಅಂದ್ರೆ.”

ಎದ್ದು ಬಂದೆ. ಸಂಜೆ ನೀರು ಹಾಕುತ್ತಿದ್ದಾಗ ಆಸ್ಪತ್ರೆಯ ಜವಾನ ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಪಕ್ಕದಲ್ಲಿ ಯಾರೂ ಇರಲಿಲ್ಲ, ಮಧ್ಯಾಹ್ನವೇ ಪ್ರಾಣ ಹೋಯಿತಂತೆ ಎಂದ. ಒಳಗೆ ಅಪ್ಪ ಅಳುವುದು ಕೇಳಿಸಿತು. ಇನ್ನೂ ಒಂದು ಸಾಲು ಉಳಿದಿತ್ತು. ಚೊಂಬು ಬಗ್ಗಿಸಿ ಅದಕ್ಕೂ ನೀರು ಬಿಟ್ಟು, ಆಮೇಲೆ ಒಳಗೆ ಹೋದೆ.