ಮೂಲೆಮಟ್ಟದ ಸಂದಿಯ ಬೆಳಕು

ಮೊನ್ನೆ ಗಂಗೆಯ ದಂಡೆಯ ಈ ಊರಿನ ಕಂಟೋನ್ಮೆಂಟ್ ಸ್ಟೇಷನ್ನಿನ ಹೊರಗೆ ಒಬ್ಬ ಆಟೋದವನು ಚಕ್ರ ಬಿಚ್ಚಿಟ್ಟುಕೊಂಡು ಗ್ರೀಸ್ ತುಂಬುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತು ದಾಟಿದ ನನಗೆ ಹುಡುಗನ ಹಾಗೆ ನಾಚಿಕೆಯಾಯಿತು. ನಮ್ಮ ಪ್ರೊಫೆಸರ್ ನೆನಪಾದರು...

ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಕಲಿಸಿದ ಮೊದಲ ತಲೆಮಾರಿನಲ್ಲಿ ಕೊನೆಯವರು ಅವರು. ಮೈಸೂರು ಕಡೆಯವರು, ಇಲ್ಲಿ ನದಿಯ ಪಕ್ಕದ ಶಿವಾಲ ಬಡಾವಣೆಯಲ್ಲಿ ಮನೆ. ಪಂಚೆಯ ಮೇಲೆ ಕೋಟು ಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಪುಸ್ತಕ ಮುಟ್ಟುವ ಮೊದಲು ಪ್ರತಿಯೊಬ್ಬನೂ ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡಲೇಬೇಕೆಂಬುದು ಅವರ ಹಟ. ಅದಕ್ಕೆ, ಮೂಲೆ ನೇರವಾಗಿದೆಯೇ ಎಂದು ನೋಡುವ ಉಕ್ಕಿನ ಮೂಲೆಮಟ್ಟ ಆನಿಸಿ ಕಿಟಕಿಗೆ ಹಿಡಿಯುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ತುಂಡು ವಾಪಸ್ಸು.

ನನ್ನದು ಹನ್ನೊಂದು ಸಲ ವಾಪಸ್ಸಾಯಿತು. ಅಂಗೈಯ ಬೊಬ್ಬೆಗಳು ಒಡೆದಿದ್ದವು. ಹನ್ನೆರಡನೆಯ ಸಲ ಸಂದಿ ಮುಚ್ಚುವಂತೆ ಅಂಚಿಗೆ ತೆಳ್ಳಗೆ ಗ್ರೀಸ್ ಮೆತ್ತಿಕೊಂಡು ಹೋದೆ. ಅವರು ಕಿಟಕಿಗೆ ಹಿಡಿದು ನೋಡಿದರು, ನನ್ನನ್ನೊಮ್ಮೆ ನೋಡಿದರು. "ಆಯ್ತು, ಹೋಗು" ಎಂದರು.

ಪಾಸಾದೆ, ರೈಲ್ವೆಯಲ್ಲಿ ಕೆಲಸವೂ ಸಿಕ್ಕಿತು. ಹಬ್ಬ ಬಂದರೆ ಅವರ ಮನೆಯಲ್ಲೇ ಊಟ. ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋಗುವುದು, ಪುಳಿಯೋಗರೆ ತಿಂದು ಸುಮ್ಮನೆ ಬರುವುದು. ಹೀಗೆ ವರ್ಷಗಳೇ ಹೋದವು.

ಕೊನೆಕೊನೆಗೆ ಅವರ ಕಣ್ಣು ಮಂಜಾಯಿತು. ಆದರೂ ಜಗಲಿಯಲ್ಲಿ ಕೂತು ಅರ ಹಿಡಿಯುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ತಾವು ಉಜ್ಜಿದ ತುಂಡನ್ನು ಮೂಲೆಮಟ್ಟದ ಸಮೇತ ನನ್ನ ಕೈಗಿಟ್ಟು, "ಬೆಳಕು ಬರ್ತಿದೆಯೇನಯ್ಯಾ? ನೋಡಿ ಹೇಳು" ಎಂದರು.

ಬರುತ್ತಿತ್ತು. ಗಂಗೆಯ ಕಡೆಯ ಬಿಸಿಲು ಧಾರಾಳವಾಗಿಯೇ ಬರುತ್ತಿತ್ತು. ಆಸೆಯಿಂದ ಕಾಯುತ್ತಿದ್ದ ಆ ಮುಖಕ್ಕೆ ಹೇಳಲು ನನಗೆ ಬಾಯಿ ಬರಲಿಲ್ಲ.

"ಇಲ್ಲ ಸರ್."

ಅವರು ತುಂಡು ಇಸಕೊಂಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಮೆಲ್ಲಗೆ ನಕ್ಕರು.

"ಗ್ರೀಸ್ ಹಚ್ಚೋದನ್ನ ಇನ್ನೂ ಬಿಟ್ಟಿಲ್ವಲ್ಲಯ್ಯಾ ನೀನು."

ನನಗೆ ಅಳು ಬಂತು. ಅಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದು ಅವರಿಗೆ ಮೊದಲ ದಿನವೇ ಗೊತ್ತಿತ್ತು.

"ಗೊತ್ತಿದ್ದೂ ಅವತ್ತು ಯಾಕೆ ಬಿಟ್ರಿ ಸರ್?"

"ನಿನ್ನ ಅಂಗೈ ನೋಡಿದ್ದೆ" ಎಂದರು. "ಈಗ ಹೇಳು, ಎಲ್ಲಿ ಬರ್ತಿದೆ?"

"ಎಡಗಡೆ ಸರ್."

"ಹಾಂ, ಹಾಗೆ ಹೇಳು" ಎಂದು ಮತ್ತೆ ಅರ ಕೈಗೆತ್ತಿಕೊಂಡರು.

ಆ ತುಂಡು ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು... ಅದೀಗ ನನ್ನ ಮೇಜಿನ ಮೇಲಿದೆ. ಮೊನ್ನೆ ಮನೆಗೆ ಬಂದವನೇ ಮೂಲೆಮಟ್ಟ ಆನಿಸಿ ಕಿಟಕಿಗೆ ಹಿಡಿದೆ. ಎಡಗಡೆ ಇನ್ನೂ ಬೆಳಕು ಬರುತ್ತದೆ. ಹೇಳೋಣವೆಂದರೆ, ಕೇಳಲು ಅವರಿಲ್ಲ.