ಬಣ್ಣ ಬಿಡದ ಹುಲಿ

ಪರ್ಕಳದ ಬಾಲವಾಡಿಯಲ್ಲಿ ಅ ಆ ಇ ಈ ಬರುವ ಮುಂಚೆ ಆನೆ, ಒಂಟೆ, ಕರಡಿ ಬರುತ್ತಿದ್ದವು. ಗುಣವತಿ ಟೀಚರ್ ಅವರ ಪದ್ಧತಿಯೇ ಹಾಗೆ. ಗೋಡೆಗೆ ಪ್ರಾಣಿಗಳ ಪಟ ತೂಗುಹಾಕಿ, ಕೋಲಿನ ತುದಿಯಿಂದ ಒಂದೊಂದನ್ನೇ ತೋರಿಸಿ, ತಾವೇ ಸೊಂಡಿಲು ಆಡಿಸಿ, ತಾವೇ ಗುರುಗುಟ್ಟಿ ಕಲಿಸುವವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಕರಡಿಯ ಹಾಗೆ ನಡೆದರೆ ದಾರಿಯಲ್ಲಿ ಹೋಗುವ ಬೀಡಿ ಕಟ್ಟುವ ಹೆಂಗಸರು ನಿಂತು ನಗುತ್ತಿದ್ದರು. ನಗಲಿ ಬಿಡಿ! ಮೂರು ನಾಲ್ಕು ವರ್ಷದ ಮಕ್ಕಳನ್ನು ಒಂದು ಕಡೆ ಕೂರಿಸುವುದೆಂದರೆ ಸುಲಭದ ಮಾತೇ?

ಪಟದ ಹುಲಿಗೆ ಯಾವ ಮಗುವೂ ಹೆದರುತ್ತಿರಲಿಲ್ಲ. ಹೆದರುತ್ತಿದ್ದದ್ದು ಕೃಷ್ಣಾಷ್ಟಮಿಗೆ ಮೈಗೆ ಬಣ್ಣ ಬಳಿದು ಕುಣಿಯುವ ವೇಷದ ಹುಲಿಗೆ. ಹುಲಿ ಕುಣಿಸುವ ತಾಸೆ ವಾದ್ಯದ ಪೆಟ್ಟು ದೂರದಲ್ಲಿ ಕೇಳಿದರೆ ಸಾಕು, ಮಂಚದ ಅಡಿ ಸೇರಿಬಿಡುತ್ತಿದ್ದವು. ಒಂದೆರಡಕ್ಕೆ ಜ್ವರವೇ ಏರುತ್ತಿತ್ತು. ಅದಕ್ಕೂ ಟೀಚರ್ ಒಂದು ಉಪಾಯ ಮಾಡಿದ್ದರು. ವೇಷ ಹಾಕುವ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ಅಂಗಾರನ ಮನೆಯಂಗಳಕ್ಕೆ ಕರೆದೊಯ್ಯುವುದು. ಅಂಗಾರ ಕೆಂಪುಕಲ್ಲು ಕಡಿಯುವವನು, ಗಟ್ಟಿ ಆಳು. ಮಗಳು ವಾರಿಜ ಕೂಸಾಗಿದ್ದಾಗ ಫಿಟ್ಸ್ ಬಂದು ಕೈತಪ್ಪಿ ಹೋಗುವ ಹಾಗಾಗಿತ್ತು. ಮಗು ಉಳಿದರೆ ಐದು ಅಷ್ಟಮಿಗೆ ಹುಲಿವೇಷ ಹಾಕುತ್ತೇನೆಂದು ಅವನು ಉಡುಪಿಯ ಕೃಷ್ಣನಿಗೆ ಹರಕೆ ಹೊತ್ತಿದ್ದ. ಮಗು ಉಳಿಯಿತು.

ಎರಡು ಕೋಲುಗಳ ಮೇಲೆ ಕೈಚಾಚಿ ಅವನು ಅಲ್ಲಾಡದೆ ನಿಂತಿರುತ್ತಿದ್ದ. ಪಾದದಿಂದ ಹಳದಿ ಬಣ್ಣ ಮೇಲೇರುತ್ತಾ ಬರುತ್ತಿತ್ತು.

"ಇದು ಯಾರು ಮಕ್ಕಳೇ?" ಟೀಚರ್ ಕೇಳುತ್ತಿದ್ದರು.

"ಅಂಗಾರಣ್ಣ!"

"ಪಟ್ಟೆ ಬಂತು. ಈಗ ಯಾರು?"

"ಅಂಗಾರಣ್ಣ!"

"ಹುಲಿಯ ಮಂಡೆ ಇಟ್ಟಾಯಿತು. ಈಗ?"

"ಅಂಗಾರಣ್ಣ!"

"ಮತ್ತೆ ಹೆದರುವುದು ಎಂತಕ್ಕೆ?"

ಹೆದರಿಕೆ ಅಲ್ಲಿಗೆ ಮುಗಿಯಿತು. ವಾರಿಜಳಂತೂ ಹಸಿ ಬಣ್ಣಕ್ಕೆ ಹೆಬ್ಬೆರಳು ಒತ್ತಿ ತನ್ನ ಕೆನ್ನೆಗೂ ಹಚ್ಚಿಕೊಳ್ಳುತ್ತಿದ್ದಳು. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಮುಗಿದು ಅಂಗಾರ ಮನೆಗೆ ಬಂದರೆ ಹೆಂಡತಿ ಮೋಹಿನಿ ಚಿಮಿಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜುವಳು. ಉಜ್ಜಿದ ಹಾಗೆ ಹುಲಿ ಹೋಗಿ ಅಪ್ಪ ಬರುವನು. ಅದನ್ನು ನೋಡಲು ಮಗು ನಿದ್ರೆ ಬಿಟ್ಟು ಕೂರುತ್ತಿತ್ತು.

ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಹರಕೆಯ ನಾಲ್ಕನೆಯ ಅಷ್ಟಮಿ. ಅಂಗಾರನಿಗೆ ಜ್ವರ ಇತ್ತು, ಬೇಡವೆಂದರೂ ಕೇಳಲಿಲ್ಲ. ಹರಕೆಯಲ್ಲವೇ, ಬಿಡಲಿಕ್ಕುಂಟೇ? ರಥಬೀದಿಯಲ್ಲಿ ಕುಣಿಯುತ್ತಾ ಕುಣಿಯುತ್ತಾ ಕುಸಿದು ಬಿದ್ದ. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಉಸಿರಿರಲಿಲ್ಲ. ಆ ಮೈಯನ್ನು ಉಜ್ಜುವ ಧೈರ್ಯ ಯಾರಿಗೂ ಬರಲಿಲ್ಲ. ಹುಲಿಯಾಗಿಯೇ ಚಿತೆಗೆ ಹೋದ. ವಾರಿಜಳನ್ನು ಅದೇ ದಿನ ಕಾಪುವಿನ ಅಜ್ಜಿಮನೆಗೆ ಸಾಗಿಸಿದ್ದರು.

ತಿರುಗಿ ಬಂದ ಮಗು ಬಾಲವಾಡಿಯ ಬಾಗಿಲಲ್ಲೇ ಕೇಳಿತು: "ಟೀಚರ್, ಅಪ್ಪನ ಬಣ್ಣ ಹೋಯಿತಾ?"

ಹಿಂದೆ ನಿಂತಿದ್ದ ಮೋಹಿನಿ ಮುಖ ತಿರುಗಿಸಿಕೊಂಡಳು. ಟೀಚರ್ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು.

"ಇನ್ನೂ ಇಲ್ಲ ಮಗಾ. ಈ ಸಲ ಬಣ್ಣ ಗಟ್ಟಿ ಉಂಟು. ಹೋದ ಮೇಲೆ ಬರ್ತಾರೆ."

ಮಗು ತಲೆಯಾಡಿಸಿ ಒಳಗೆ ಹೋಗಿ ಕೂತಿತು. ಎಂಥ ಸುಲಭ! ಮೋಹಿನಿಯೂ ಆ ಮಾತನ್ನು ಅಲ್ಲಗಳೆಯಲಿಲ್ಲ. ನಿಜ ಹೇಳುವ ಕೆಲಸವನ್ನು ಇಬ್ಬರೂ ನಾಳೆ ನಾಳೆ ಎಂದು ಮುಂದೆ ಹಾಕಿದರು.

ಜನವರಿಯಲ್ಲಿ ಉಡುಪಿಗೆ ಒಂದು ಸರ್ಕಸ್ ಬಂತು. ಬೆಳಗಿನ ಹೊತ್ತು ಮಕ್ಕಳಿಗೆ ಪ್ರಾಣಿಗಳನ್ನು ನೋಡಲು ಬಿಡುತ್ತಾರೆಂದು ಕೇಳಿ ಟೀಚರ್ ಹಿರಿಹಿರಿ ಹಿಗ್ಗಿದರು. ಮೃಗಾಲಯ ಎಂದು ಬಾಯಲ್ಲಿ ಹೇಳಿದ್ದಷ್ಟೇ, ತೋರಿಸಲು ಮೈಸೂರಿಗೆ ಕರೆದೊಯ್ಯಲಾದೀತೇ? ಬಸ್ಸು ಹತ್ತಿಸಿ ಹೊರಟೇಬಿಟ್ಟರು. ಆನೆ ಲದ್ದಿ ಹಾಕಿದ್ದಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕವು. ಒಂಟೆಯನ್ನು ನೋಡಿದ ಒಬ್ಬ, "ಟೀಚರ್, ಈ ದನದ ಬೆನ್ನು ಬಾತಿದೆ" ಎಂದ. ಟೀಚರ್ ನಗುತ್ತಾ ಅವನ ಮೂಗು ಒರೆಸಿದರು. ತಲೆ ಎತ್ತಿ ನೋಡಿದರೆ ವಾರಿಜ ಸಾಲಿನಲ್ಲಿಲ್ಲ.

ಅಡ್ಡ ಕಟ್ಟಿದ ಹಗ್ಗದ ಅಡಿಯಿಂದ ನುಸುಳಿ ಅವಳು ಕೊನೆಯ ಬೋನಿನ ಹತ್ತಿರ ನಿಂತಿದ್ದಳು. ಹುಲಿ ಸರಳಿಗೆ ಬೆನ್ನು ಒತ್ತಿ ಮಲಗಿತ್ತು. ಕಾವಲಿನವನು ನೀರಿಗೆ ಹೋಗಿದ್ದ. ಮಗುವಿನ ಕೈ ಸರಳಿನೊಳಗೆ ಇತ್ತು. ಅವಳು ಒಂದು ಕರಿಪಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. ಉಜ್ಜುವುದು, ಬೆರಳು ನೋಡುವುದು, ಮತ್ತೆ ಉಜ್ಜುವುದು.

ಅಯ್ಯೋ ದೇವರೇ! ಟೀಚರ್ ನಿಂತಲ್ಲೇ ನಿಂತರು. ಕೂಗಿದರೆ ಹುಲಿ ತಿರುಗುತ್ತದೆ, ಓಡಿದರೂ ತಿರುಗುತ್ತದೆ.

"ವಾರಿಜಾ..." ಎಂದರು ಮೆಲ್ಲಗೆ.

"ಬಣ್ಣ ಬರುವುದಿಲ್ಲ ಟೀಚರ್," ಮಗು ತಿರುಗದೆ ಹೇಳಿತು.

ಹುಲಿಯ ಕಿವಿ ಅಲ್ಲಾಡಿತು.

"ಅಪ್ಪನಿಗೆ ನಿದ್ರೆ ಮಗಾ," ಎಂದರು ಟೀಚರ್. "ಎಬ್ಬಿಸಬೇಡ. ಮೆಲ್ಲ ಬಾ."

ವಾರಿಜ ಕೂಡಲೇ ಕೈ ತೆಗೆದಳು. ತುಟಿಯ ಮೇಲೆ ಬೆರಳಿಟ್ಟು, ತುದಿಗಾಲಿನಲ್ಲಿ ನಡೆದು ಬಂದು ಟೀಚರ್ ಅವರ ಸೆರಗು ಹಿಡಿದಳು. ಆಗ ಹುಲಿ ಎದ್ದು ಘರ್ಜಿಸಿತು. ಮಕ್ಕಳೆಲ್ಲ ಹೋ ಎಂದು ಅತ್ತವು. ವಾರಿಜ ಒಬ್ಬಳೇ ಚಪ್ಪಾಳೆ ತಟ್ಟಿ ನಕ್ಕಳು.

"ಅಪ್ಪ ಎದ್ರು!"

ಸಂಜೆ ಮೋಹಿನಿ ಮಗುವಿನ ರಟ್ಟೆ ಹಿಡಿದು ಟೀಚರ್ ಮನೆಗೆ ಬಂದಳು. ಮಗುವಿನ ಕೈಯಲ್ಲಿ ಚಿಮಿಣಿ ಎಣ್ಣೆಯ ಬಾಟಲಿ ಇತ್ತು.

"ಎಂತ ಹೇಳಿದ್ದೀರಿ ಟೀಚರ್ ಇವಳಿಗೆ? ಅಪ್ಪ ಉಡುಪಿಯಲ್ಲಿ ಬೋನಿನಲ್ಲಿದ್ದಾರಂತೆ. ಈಗಲೇ ಹೋಗಿ ಉಜ್ಜಬೇಕಂತೆ. ನಾನು ಹೇಗೆ ತಾಳಿಕೊಳ್ಳಲಿ ಇದನ್ನು?" ಎಂದವಳು ಅಲ್ಲೇ ಜಗಲಿಯಲ್ಲಿ ಕುಸಿದು ಅತ್ತಳು.

ಟೀಚರ್ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದರು. ಅಪ್ಪ ಬಿದ್ದದ್ದು, ಸತ್ತದ್ದು, ಸುಟ್ಟದ್ದು. ಇನ್ನು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ವಾರಿಜ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು.

"ಹಾಗಾದರೆ ಅಲ್ಲಿ ಮಲಗಿದ್ದು ಯಾರು?"

"ಹುಲಿ ಮಗಾ."

"ಒಳಗೆ ಯಾರು?"

"ಒಳಗೂ ಹುಲಿಯೇ."

ಮಗು ತನ್ನ ಅಂಗೈ ನೋಡಿಕೊಂಡಿತು. ಆಮೇಲೆ ಹೆದರಿತು. ಬೆಳಿಗ್ಗೆ ಬರಬೇಕಾಗಿದ್ದ ಹೆದರಿಕೆಯೆಲ್ಲ ಒಟ್ಟಿಗೆ ಬಂತು. ಕೈಯನ್ನು ಮೈಯಿಂದ ದೂರ ಹಿಡಿದು, ನೆರೆಮನೆಯವರು ಓಡಿಬರುವ ಹಾಗೆ ಕಿರುಚಿತು. ಆ ಕಿರುಚು ಗುಣವತಿ ಟೀಚರ್ ಅವರ ಕಿವಿ ಬಿಟ್ಟು ಎಂದೂ ಹೋಗಲಿಲ್ಲ. ಪಾಠದ ನಡುವೆ ಕೋಲು ಪಟದ ಹುಲಿಯ ಹತ್ತಿರ ಬಂದರೆ ಆ ಬೆನ್ನು ಉಸಿರಾಡಿದ ಹಾಗೆ ಕಾಣುತ್ತಿತ್ತು. ಅವರು ಹುಲಿಯನ್ನು ದಾಟಿಸಿ ಜಿಂಕೆಗೆ ಹೋಗಿಬಿಡುತ್ತಿದ್ದರು. ಮಕ್ಕಳು ನೆನಪಿಸಿದರೂ ಕೇಳಿಸದವರ ಹಾಗೆ ಇರುತ್ತಿದ್ದರು.

ಮುಂದಿನ ಅಷ್ಟಮಿಗೆ ಅವರು ಮಕ್ಕಳನ್ನು ಬಣ್ಣ ಹಚ್ಚುವುದನ್ನು ತೋರಿಸಲು ಎಲ್ಲಿಗೂ ಕರೆದೊಯ್ಯಲಿಲ್ಲ. ಆದರೆ ಹುಲಿಗಳು ಕೇಳಬೇಕಲ್ಲ! ತಾಸೆ ಬಡಿಯುತ್ತಾ ಬಾಲವಾಡಿಯ ಅಂಗಳಕ್ಕೇ ಬಂದವು. ಮಕ್ಕಳು ಟೀಚರ್ ಅವರ ಹಿಂದೆ ಅಡಗಿದವು. ಟೀಚರ್ ಅವರಿಗೂ ಅಡಗಲು ಒಂದು ಬೆನ್ನು ಬೇಕಾಗಿತ್ತು. ವಾರಿಜಳನ್ನು ಬಾಚಿ ಎತ್ತಿಕೊಳ್ಳಬೇಕೆಂದು ಕೈಚಾಚುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು.

ನಡುಗುತ್ತಲೇ ಹೋದಳು. ಎದುರಿನ ಹುಲಿಯ ಮೊಣಕಾಲಿನ ಹತ್ತಿರ ನಿಂತು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಳು. ಅಲ್ಲಿ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಹಳದಿಯಾದ ಬೆರಳನ್ನು ಎತ್ತಿ ಟೀಚರ್ ಅವರಿಗೆ ತೋರಿಸಿದಳು.

"ಇವರು ಮನೆಗೆ ಹೋಗ್ತಾರೆ ಟೀಚರ್."

ಆಮೇಲೆ ಎರಡನೆಯ ಹುಲಿಯ ಹತ್ತಿರ ಹೋಗಿ ಅದರ ಕಾಲನ್ನೂ ಉಜ್ಜಿ ನೋಡಿದಳು.

"ಇವರೂ ಹೋಗ್ತಾರೆ."