ಉಪ್ಪಿನಕಾಯಿ ಬೇಡಿದ ಸುಂದರತ್ತಿ

ಮೊದಲಿಗೆ ಓದುವವರಲ್ಲಿ ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ. ನನ್ನ ಅಕ್ಷರ ಚೆಂದವಿಲ್ಲ. ಗೆರೆ ಹೊಡೆದುಕೊಂಡು ಬರೆದರೂ ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಗುಡ್ಡ ಹತ್ತುತ್ತದೆ. ಯಾವ ಮಾತು ಎಲ್ಲಿ ಇಡಬೇಕೆಂದು ತಿಳಿಯದೆ ಅಳಿಸಿ ಅಳಿಸಿ ಒಂದೆರಡು ಕಡೆ ಕಾಗದವೂ ತೂತಾಗಿದೆ. ಸವದತ್ತಿಯ ಮಹಿಳಾ ಮಂಡಳದವರು ತೆಗೆಯುವ ಕೈಬರಹದ ಪತ್ರಿಕೆಗೆ ನಮ್ಮ ಸುಂದರತ್ತಿಯ ವಿಷಯ ಬರೆದುಕೊಡು ಎಂದು ದವಾಖಾನೆಯ ನರ್ಸ್ ತಾರಾಬಾಯಿಯವರು ಹೇಳಿದರು. "ಇಂಥಾ ಬ್ಯಾನಿ ಇದ್ದ ಮನಿ ಭಾಳ ಅವ. ಓದಿದ್ರ ಅವರಿಗೂ ಧೈರ್ಯ ಬರ್ತದ" ಅಂದರು. ಒಲ್ಲೆ ಅನ್ನಲು ನಾಚಿಕೆಯಾಗಿ ಹೂಂ ಅಂದೆ.

ಸುಂದರವ್ವ ನಮ್ಮಪ್ಪನ ಅಕ್ಕ. ಉಗರಗೋಳದಲ್ಲಿ, ಯಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯ ಬದಿಗೆ ಅವಳ ಖಾನಾವಳಿ. ಅವಳ ಗಂಡ ಗಂಗಪ್ಪಮಾವ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿದಳು. ನವಿಲುತೀರ್ಥದ ಡ್ಯಾಮಿನ ಕೆಲಸಕ್ಕೆ ಬಂದವರೆಲ್ಲ ಅವಳ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡೇ ಡ್ಯಾಮು ಕಟ್ಟಿದರೆಂದು ಹೇಳಿಕೊಳ್ಳುತ್ತಾಳೆ. ಅವಳ ಮಾವಿನ ಉಪ್ಪಿನಕಾಯಿಗಂತೂ ರಾಮದುರ್ಗದ ಕಡೆಯ ಪರಸಿ ಜನ, ಅಂದರೆ ಗುಡ್ಡಕ್ಕೆ ನಡೆದುಕೊಳ್ಳುವವರು, ಗಾಡಿ ಬಿಟ್ಟ ಕೂಡಲೇ ಬರುತ್ತಿದ್ದರು.

ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಗುರುಗಳು ಹಾಜರಿ ಕೂಗಿದರೆ ನನಗೆ ಗಂಟಲು ಏಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತೇ ಗೈರುಹಾಜರಾಗುತ್ತಿದ್ದೆ. ಕೊನೆಗೆ ಅಪ್ಪ ನನ್ನನ್ನು ಅತ್ತಿಯ ಹತ್ತಿರ ಬಿಟ್ಟ. "ಒಲಿ ಮುಂದ ಕುಂತಾಕಿಗೆ ಮಾತ್ಯಾಕ ಬೇಕು?" ಎಂದು ಅತ್ತಿ ನಕ್ಕು ಲಟಪಟ ರೊಟ್ಟಿ ಬಡಿದಳು. ಬಂದವರ ಜೊತೆ ಮಾತೆಲ್ಲ ಅವಳದು, ಬೇಯಿಸುವುದು ತೊಳೆಯುವುದು ನನ್ನದು.

ಅವಳಿಗೆ ರೋಗ ಬಂದದ್ದು ನಮಗ್ಯಾರಿಗೂ ತಿಳಿಯಲಿಲ್ಲ. ಹೊಟ್ಟೆ ಮುಂದೆ ಬಂತು. ಮಗ್ಗುಲ ಅಂಗಡಿಯಲ್ಲಿ ಕಾಯಿ, ಭಂಡಾರದ ಅರಿಷಿಣಪುಡಿ ಮಾರುವ ನೀಲಪ್ಪಕಾಕಾ, "ಯಕ್ಕಾ, ಮಂದಿಗೆ ಸಣ್ಣ ರೊಟ್ಟಿ, ನಿನಗ ದೊಡ್ಡ ರೊಟ್ಟಿ ಬಡೀತಿ ಅನಸ್ತೈತಿ" ಎಂದ. "ನಿನ್ನ ಕಣ್ಣ ಬಿದ್ದು ಬಂದೈತಿ ಇದು, ಭಾಡ್ಯಾ" ಎಂದು ಅತ್ತಿಯೂ ನಕ್ಕಳು. ಕಾಲು ಬಾತವು, ಚಪ್ಪಲಿ ಹಿಡಿಸದಾದವು. ಒಲೆಯ ಮುಂದೆ ಕೂತೂ ಕೂತೂ ಹೀಗಾಗಿದೆ ಅಂದುಕೊಂಡೆವು. ಮುಖ ಹಳದಿಯಾಯಿತು. ಅದನ್ನಂತೂ ಯಾರೂ ನೋಡಲೇ ಇಲ್ಲ. ಉಗರಗೋಳದಲ್ಲಿ ಹಳದಿಯಾಗದ ಮುಖ ಯಾವುದಿದೆ? ದೇವಿಯ ಭಂಡಾರ ಹಣೆಗೆ, ಗಲ್ಲಕ್ಕೆ, ಎತ್ತಿನ ಕೋಡಿಗೆ, ಗಾಡಿಯ ನೊಗಕ್ಕೆ. ಗಾಳಿ ಬೀಸಿದರೆ ನಮ್ಮ ಹಿಟ್ಟಿನ ಡಬ್ಬಿಯೂ ಹಳದಿ.

ಒಂದು ಶುಕ್ರವಾರ ತಾರಾಬಾಯಿಯವರು ಗುಡ್ಡದಿಂದ ಇಳಿದು ನಮ್ಮಲ್ಲಿ ಚಹಾ ಕುಡಿಯಲು ಕೂತರು. ಅತ್ತಿಯನ್ನು ಬಹಳ ಹೊತ್ತು ನೋಡಿದರು.

"ಸುಂದರವ್ವ, ಸ್ವಲ್ಪ ಮುಖ ತೊಳಕೊಂಡು ಬರ್ರಿ."

ಅತ್ತಿ ತೊಳೆದುಕೊಂಡು ಬಂದಳು.

"ಸಬಕಾರ ಹಚ್ಚಿ ತೊಳಕೋರಿ."

"ಯಾಕ್ರೀ ಬಾಯಾರ, ನನಗೇನ ವರಾ ನೋಡೀರೇನ?" ಎನ್ನುತ್ತಲೇ ಅತ್ತಿ ಸಬಕಾರ ಹಚ್ಚಿ ತಿಕ್ಕಿ ತೊಳೆದಳು. ಮುಖ ಹಳದಿಯೇ. ಆಗ ತಾರಾಬಾಯಿ ಅವಳನ್ನು ಬೆಳಕಿಗೆ ಕರೆದು ಕಣ್ಣಿನ ಕೆಳರೆಪ್ಪೆ ಜಗ್ಗಿ ನನಗೆ ತೋರಿಸಿದರು. ಬೆಳ್ಳಗಿರಬೇಕಾದದ್ದು ಅರಿಷಿಣದ ಹಾಗಿತ್ತು.

"ಭಂಡಾರ ಕಣ್ಣೊಳಗ ಹಚ್ಚತಾರೇನವಾ?" ಅಂದರು.

ಅವತ್ತೇ ಸವದತ್ತಿಯ ದವಾಖಾನೆಗೆ ಹೋದೆವು. ಹಿಂದೊಮ್ಮೆ ಅತ್ತಿಗೆ ಕಾಮಣಿ, ಅಂದರೆ ಕಾಮಾಲೆ, ಆಗಿ, ಬೇರಿನ ಔಷಧ ಕುಡಿದು ವಾಸಿಯಾಗಿದೆಯೆಂದು ಬಿಟ್ಟಿದ್ದಳು. ಅದು ಒಳಗೊಳಗೇ ಉಳಿದು ಲಿವರನ್ನು ಗಟ್ಟಿ ಮಾಡಿದೆ ಎಂದು ಡಾಕ್ಟರ್ ಸಾಹೇಬರು ಹೇಳಿದರು. ಹೊಟ್ಟೆಯಲ್ಲಿ ಇದ್ದದ್ದು ರೊಟ್ಟಿಯಲ್ಲ, ನೀರು.

"ಸೆರೆ ಕುಡಿದವರಿಗೆ ಬರೂ ಬ್ಯಾನಿ ಮಜ್ಜಿಗಿ ಕುಡದಾಕಿಗೆ ಬಂತಲ್ಲರೀ" ಎಂದು ಅತ್ತಿ ಆಶ್ಚರ್ಯಪಟ್ಟಳು. ಅವಳಿಗೆ ಸಿಟ್ಟು ಬಂದದ್ದು ರೋಗಕ್ಕಲ್ಲ, ಸಾಹೇಬರ ಮುಂದಿನ ಮಾತಿಗೆ. ಉಪ್ಪು ಬಿಡಬೇಕು. ಉಪ್ಪು ನೀರನ್ನು ಹಿಡಿದಿಡುತ್ತದೆ.

"ಖಾನಾವಳಿ ನಡಸಾಕಿಗೆ ಉಪ್ಪ ಬಿಡು ಅನ್ನೂದು ಬಡಿಗ್ಯಾಗ ಉಳಿ ಬಿಡು ಅಂದಂಗಾತರಿ."

"ಉಪ್ಪರ ಬಿಡ್ರಿ, ಜೀವರ ಬಿಡ್ರಿ" ಎಂದು ಸಾಹೇಬರು ಗುಳಿಗೆ ಬರೆದುಕೊಟ್ಟರು.

ಹೊರಗೆ ಪಡಸಾಲೆಯಲ್ಲಿ ತಾರಾಬಾಯಿ ನನ್ನೊಬ್ಬಳನ್ನೇ ಕೂರಿಸಿಕೊಂಡು ನಿಧಾನವಾಗಿ ತಿಳಿಸಿದರು. ಇದನ್ನು ನಾನು ಜಾಗ್ರತೆಯಿಂದ ಬರೆಯುತ್ತೇನೆ, ತಪ್ಪಿದರೆ ಅವರು ತಿದ್ದಲಿ. "ಲಿವರ್ ಅಂದ್ರ ಜರಡಿ ಇದ್ದಂಗ, ಸೀತವ್ವ. ಉಂಡದ್ದರಾಗಿನ ಹೊಲಸು ಅದು ಸೋಸ್ತದ. ಈಗ ಜರಡಿ ಕಟ್ಟೇದ. ಅದಕ್ಕ ದಿನಾ ಹೊಟ್ಟಿ ಸಾಫ್ ಆಗ್ಬೇಕು. ಆಗಲಿಲ್ಲಂದ್ರ ಆ ಹೊಲಸು ತಲಿಗೆ ಏರ್ತದ. ಹಗಲಿ ನಿದ್ದಿ ಮಾಡಿ ರಾತ್ರಿ ಎಚ್ಚರ ಕೂಡ್ತಾರ, ಮಾತು ಅಡ್ಡಾದಿಡ್ಡಿ ಆಗ್ತದ. ದಿನಾ ಮುಂಜಾನೆ ಎರಡೂ ಕೈ ಮುಂದ ಚಾಚಸು, ಅಂಗೈ ಹಿಂದಕ ಬಾಗಸು, ಗಾಡಿ ತಡೀತಾರಲ್ಲ ಹಂಗ. ಕೈ ಹಕ್ಕಿ ರೆಕ್ಕಿ ಬಡದಂಗ ಬಡಕೊಂಡ್ರ ಒಂದ ಗಳಿಗಿ ತಡಾ ಮಾಡಬ್ಯಾಡ, ಇಲ್ಲಿ ತಾ. ನೆತ್ತರ ಕಾರಿದ್ರೂ ಅಷ್ಟ, ಮಲ ಡಾಂಬರಿನಂಗ ಕಪ್ಪಾದ್ರೂ ಅಷ್ಟ. ನಿದ್ದಿ ಗುಳಿಗಿ ಯಾರ ಕೊಟ್ರೂ ನುಂಗಸಬ್ಯಾಡ."

ಊರಿಗೆ ಬಂದ ಅತ್ತಿ ಒಂದು ದಿನ ಸಿಟ್ಟಿನಲ್ಲಿ ಕೂತಳು. ಮರುದಿನ ಅವಳೇ ದಾರಿ ಹುಡುಕಿದಳು. ಪಲ್ಯದ ರುಚಿ ನೋಡದೆ ಅವಳ ಕೈ ನಿಲ್ಲುವುದಿಲ್ಲ, ನೋಡಿದರೆ ಉಪ್ಪು ಒಳಗೆ ಹೋಗುತ್ತದೆ. ಹಾಗಾಗಿ ಗಡಿಗೆಗೆ ಉಪ್ಪೇ ಹಾಕುವುದು ಬೇಡ. ತಾಟಿನ ಬದಿಗೆ ಉಪ್ಪು ಇಡುವುದು, ಬೇಕಾದವರು ಕಲೆಸಿಕೊಳ್ಳುವುದು.

ಮೊದಲ ವಾರ ಬೈಗುಳದ ಮಳೆ. "ಏನವಾ ಇದು, ಬಾಣಂತಿ ಊಟ!" ಎಂದರೆ ಅತ್ತಿ, "ನಿನ್ನ ನಾಲಿಗಿ ಎಷ್ಟ ಬೇಡತೈತೋ ನನಗೇನ ಗೊತ್ತೋ ಯಪ್ಪಾ? ಕಲಸ್ಕೋ" ಎನ್ನುತ್ತಿದ್ದಳು. ಅವಳು ಬೆಳ್ಳುಳ್ಳಿ, ಹುಣಿಸೆಹಣ್ಣು, ಹುರಿದ ಎಳ್ಳು ಹಾಕಿ ಅಡಿಗೆಗೆ ಬೇರೆಯೇ ಜೀವ ಬರಿಸಿದಳು. ಜನ 'ಸಪ್ಪನ ಸುಂದರವ್ವನ ಖಾನಾವಳಿ' ಎಂದು ಹೆಸರಿಟ್ಟು ನಗುತ್ತಲೇ ಬಂದರು.

ಉಪ್ಪಿನಕಾಯಿಯದೇ ಕಷ್ಟ. ಆ ಭರಣಿ ಮನೆಯಲ್ಲಿದ್ದರೆ ಅವಳಿಗೆ ನಿದ್ದೆ ಬಾರದು. ಕಡೆಗೆ ಭರಣಿಯನ್ನು ತಾನೇ ಹೊತ್ತುಕೊಂಡು ಹೋಗಿ ನೀಲಪ್ಪಕಾಕಾನ ಅಂಗಡಿಯಲ್ಲಿಟ್ಟಳು. "ಉಣ್ಣಾವರಿಗೆ ಬೇಕಾದ್ರ ನೀನ ಹಾಕಿ ಕೊಡು. ನಾ ಎಷ್ಟ ಬೇಡಿದ್ರೂ ಕೊಡಬ್ಯಾಡ. ದೇವಿ ಆಣಿ ಹಾಕಿದ್ರೂ ಕೊಡಬ್ಯಾಡ."

"ದೇವೀನ ಬಂದು ಕೇಳಿದ್ರೂ ಕೊಡೂದಿಲ್ಲಕ್ಕಾ" ಎಂದ ನೀಲಪ್ಪಕಾಕಾ.

ಗುಳಿಗೆಯಿಂದ, ಸಪ್ಪನ ಊಟದಿಂದ ಹೊಟ್ಟೆ ಇಳಿಯಿತು. ಕಾಲಿಗೆ ಚಪ್ಪಲಿ ಹತ್ತಿದವು. ದಿನಾ ಬೆಳಿಗ್ಗೆ ನಾನು "ಅತ್ತಿ, ಕೈ" ಅಂದರೆ ಅವಳು ಕೈ ಚಾಚಿ, "ಸಾಹೇಬರ ಮೋಟಾರ ತಡದೇನವಾ ನೋಡು" ಎನ್ನುತ್ತಿದ್ದಳು. ಕೈ ಗಟ್ಟಿಯಾಗಿ ನಿಲ್ಲುತ್ತಿತ್ತು.

ಆಮೇಲೆ ಹುಣ್ಣಿಮೆ ಬಂತು. ಹುಣ್ಣಿಮೆಗೆ ಉಗರಗೋಳದ ಸುತ್ತ ಹೊಲಗಳಲ್ಲೆಲ್ಲ ಪರಸಿಯವರ ಗಾಡಿಗಳು ಬಿಡುತ್ತವೆ. ನಮ್ಮ ಹಿತ್ತಲಿನಾಚೆ ಕಾಲಿಡಲು ಜಾಗವಿಲ್ಲ. ಅತ್ತಿ ಹಗಲಿನಲ್ಲೇ ಹಿಟ್ಟಿನ ಚೀಲಕ್ಕೊರಗಿ ತೂಕಡಿಸುತ್ತಿದ್ದುದು ಕಂಡು, ಬಯಲಕಡೆಗೆ ಹೋಗಿ ಬಂದೆಯಾ ಎಂದು ಕೇಳಿದೆ.

"ಎಲ್ಲಿಗೆ ಹೋಗ್ಲೇ? ಈ ಕಡಿ ಗಾಡಿ, ಆ ಕಡಿ ಎತ್ತು. ಎತ್ತಿಗಿ ನಾಚಿಕಿಲ್ಲ, ನನಗೈತಿ. ಮಂದಿ ಹೋಗಲಿ ತಡಿ." ಕೈ ಚಾಚು ಅಂದರೆ, "ಕೈತುಂಬ ಹಿಟ್ಟೈತಿ, ಆಮ್ಯಾಲೆ" ಅಂದಳು.

ಮಧ್ಯಾಹ್ನ ರಾಮದುರ್ಗದ ಕಡೆಯ ಹಣಮಂತಪ್ಪ, ಅವನ ಹೆಂಡತಿ ಕಾಡವ್ವ, ಅವರ ಗಾಡಿಯ ಮಂದಿಯೆಲ್ಲ ಊಟಕ್ಕೆ ಕೂತಿದ್ದರು. ಅತ್ತಿ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕದೆ ಕಟ್ಟಿಗೆಯ ರಾಶಿಯ ಮೇಲೆ ಹಾಸಿದಳು. "ಗಂಗಪ್ಪ ಬಂದಾನ, ಎತ್ತಿಗಿ ನೀರ ಕುಡಸ್ರಿ" ಎಂದಳು. ಮುಡಿ ಬಿಚ್ಚಿತ್ತು. ಎದ್ದು ನಿಂತು ಎರಡೂ ಕೈ ಮುಂದೆ ಮಾಡಿದಳು. ಹಿಟ್ಟು ಹತ್ತಿದ ಅಂಗೈಗಳು ರೆಕ್ಕೆಯ ಹಾಗೆ ಬಡಿದುಕೊಂಡವು.

ಕಾಡವ್ವ ತಾಟು ಬಿಟ್ಟೆದ್ದಳು. "ತಾಯಿ ಬಂದಾಳ! ಉಧೋ! ಉಧೋ!"

ಒಂದು ಕ್ಷಣದಲ್ಲಿ ಖಾನಾವಳಿಯೆಲ್ಲ ಉಧೋ ಉಧೋ. ಅಡ್ಡಬಿದ್ದವರ ಮೇಲೆ ಅಡ್ಡಬಿದ್ದರು. ಇದ್ದ ಹಳದಿಯ ಮೇಲೆ ಮತ್ತೆ ಭಂಡಾರ ಎರಚಿದರು. ಕಾಡವ್ವ ಸೆರಗೊಡ್ಡಿ ಕೇಳಿದಳು: "ಏನ ಬೇಕ ತಾಯಿ? ಸೀರಿ? ಉಡಿ? ಬೇಡಿದ್ದ ಕೊಡತೇವಿ."

ಅತ್ತಿ ಬಹಳ ಹೊತ್ತು ಯೋಚಿಸಿ, "ಉಪ್ಪಿನಕಾಯಿ" ಅಂದಳು.

ಹಣಮಂತಪ್ಪ ಮೆಲ್ಲಗೆ, "ದೇವಿ ಉಪ್ಪಿನಕಾಯಿ ಬೇಡತಾಳೇನ?" ಎಂದ.

"ನೀ ಸುಮ್ಮಕಿರು. ಆಕಿ ಮನಸು. ಹೋಳಿಗಿ ತಿಂದ ತಿಂದ ಆಕಿಗೂ ಸಾಕಾಗಿರಬೇಕು" ಎಂದು ಕಾಡವ್ವ ಗದರಿದಳು.

ಅಷ್ಟರಲ್ಲಿ ನೀಲಪ್ಪಕಾಕಾ ಭರಣಿ ಅಪ್ಪಿಕೊಂಡು ಓಡಿ ಬಂದ. ಅವನ ಕಣ್ಣಲ್ಲಿ ನೀರು. "ತಪ್ಪಾತು ತಾಯಿ, ಕೊಡೂದಿಲ್ಲ ಅಂದಿದ್ದೆ" ಎನ್ನುತ್ತ ಮುಚ್ಚಳ ತೆಗೆದ.

ಉಪ್ಪು ಹೊಟ್ಟೆಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಇವರು ಆರತಿ ಮಾಡುತ್ತ ಕೂತರೆ ಅತ್ತಿ ಹಾಗೆಯೇ ಎಚ್ಚರ ತಪ್ಪಿ ಮಲಗುತ್ತಾಳೆ, ಏಳುವುದಿಲ್ಲ. ಹೇಳಲು ನನ್ನ ಬಿಟ್ಟು ಬೇರೆ ಯಾರಿದ್ದಾರೆ? ಬಾಯಿ ತೆಗೆದೆ, ದನಿ ಬರಲಿಲ್ಲ. ಓಡಿ ಹೋಗಿ ಭರಣಿ ಕಸಿದುಕೊಂಡೆ. ಅದರ ಭಾರಕ್ಕೋ ಏನೋ, ದನಿ ಹೊರಗೆ ಬಿತ್ತು.

"ಮುಟ್ಟಬ್ಯಾಡ್ರಿ! ಈಕಿ ದೇವಿ ಅಲ್ಲ, ನಮ್ಮತ್ತಿ! ಈಕಿಗೆ ಹೊಟ್ಟಿ ಸಾಫ್ ಆಗಿಲ್ಲ!"

ಹೊರಗೆ ಗಾಡಿಯ ಎತ್ತು ಕೂಡ ತಿರುಗಿ ನೋಡಿತೆಂದು ಆಮೇಲೆ ಹೇಳಿದರು.

"ಏ ಹುಡುಗಿ, ದೇವಿಗೆ ಹಂಗ ಅಂತಾರೇನ?" ಎಂದಳು ಕಾಡವ್ವ.

"ಕಣ್ಣ ನೋಡ್ರಿ ಯವ್ವಾ. ಭಂಡಾರ ಕಣ್ಣೊಳಗ ಹಚ್ಚತಾರೇನ್ರಿ?"

ಕಾಡವ್ವ ಹತ್ತಿರ ಬಂದಳು. ಸೆರಗಿನಿಂದ ಅತ್ತಿಯ ಗಲ್ಲ ಒರೆಸಿದಳು, ಮತ್ತೆ ಒರೆಸಿದಳು, ರೆಪ್ಪೆ ಜಗ್ಗಿ ನೋಡಿದಳು. ಹೊರಳಿ ಗಂಡನಿಗೆ, "ಕಾಮಣಿ ಐತಿದು! ನೋಡಕೋತ ನಿಂತೀಯಲ್ಲ, ಗಾಡಿ ಹೂಡು!" ಎಂದು ಒದರಿದಳು.

ಸವದತ್ತಿಯ ದಾರಿಯ ತುಂಬ ಗಾಡಿಗಳು. ಸಂದಿ ಸಿಗುವಂತಿರಲಿಲ್ಲ. ಆಗ ಹಣಮಂತಪ್ಪ ಗಾಡಿಯ ಮೂಕಿಯ ಮೇಲೆ ಎದ್ದು ನಿಂತು "ಉಧೋ! ತಾಯಿ ಹೊಂಟಾಳ, ದಾರಿ ಬಿಡ್ರಿ!" ಎಂದು ಕೂಗಿದ. ಜನ ಕೈಮುಗಿದು ಎರಡೂ ಕಡೆ ಸರಿದರು. "ಸುಳ್ಳ ಹೇಳತಿ" ಎಂದು ಕಾಡವ್ವ ಚುಚ್ಚಿದರೆ, "ಎಲ್ಲಾರ ಮನಿ ತಾಯಿನೂ ತಾಯಿನ" ಎಂದ. ಅತ್ತಿ ನನ್ನ ತೊಡೆಯ ಮೇಲೆ ಮಲಗಿ ಗಂಗಪ್ಪಮಾವನಿಗೆ ಬೈಯುತ್ತಿದ್ದಳು. ನಾನು ಭರಣಿಯನ್ನು ಇನ್ನೂ ಅವುಚಿಕೊಂಡೇ ಇದ್ದೆ.

ದವಾಖಾನೆಯಲ್ಲಿ ತಾರಾಬಾಯಿ ಎನಿಮಾ ಕೊಟ್ಟರು, ಸಾಹೇಬರು ಸಲಾಯಿನ್ ಹಚ್ಚಿ ಔಷಧ ಹಾಕಿದರು. ಮರುದಿನ ಬಿಸಿಲೇರುವ ಹೊತ್ತಿಗೆ ಅತ್ತಿ ಕಣ್ಣು ಬಿಟ್ಟು, "ಸೀತಿ, ರೊಟ್ಟಿ ಕರಕಾದೂವೇನ?" ಎಂದು ಕೇಳಿದಳು. ನನಗೆ ಅಳುವೂ ನಗುವೂ ಕೂಡಿ ಬಂತು.

"ನಿನ್ನಿ ನೀವು ದೇವಿ ಆಗಿದ್ರಂತ" ಎಂದು ತಾರಾಬಾಯಿ ಛೇಡಿಸಿದರು.

"ಹೌದ? ಮತ್ತ ಕಾಯಿ ಒಡದ್ರ ಇಲ್ಲ?"

"ಕಾಯಿ ಎಲ್ಲಿದು, ನೀವು ಉಪ್ಪಿನಕಾಯಿ ಬೇಡೀರಿ."

ಅತ್ತಿ ಮುಸುಕೆಳೆದುಕೊಂಡಳು. ಒಳಗಿಂದಲೇ, "ದೇವಿ ಆದ್ರೂ ನನ್ನ ಬಾಯಿ ಚಪಲ ಹೋಗಲಿಲ್ಲ ನೋಡ್ರಿ" ಎಂದು ನಕ್ಕಳು. ಮಂಚ ಅಲುಗಾಡಿತು.

ಮುಂದಿನ ಹುಣ್ಣಿಮೆಗೆ ಹಣಮಂತಪ್ಪನ ಗಾಡಿ ಬಂದಾಗ ಅದರಲ್ಲಿ ಜನ ಕಡಿಮೆ, ಬಿದಿರು ಮತ್ತು ಜೋಳದ ದಂಟು ಹೆಚ್ಚು. ಗಂಡಸರು ನಮ್ಮ ಹಿತ್ತಲಲ್ಲಿ ಆಳವಾದ ತಗ್ಗು ತೋಡಿ, ಮೇಲೆ ಹಲಗೆ ಹಾಕಿ, ಸುತ್ತಲೂ ದಂಟಿನ ತಟ್ಟಿ ಕಟ್ಟಿದರು. ಒಂದು ಬಾಗಿಲನ್ನೂ ಮಾಡಿದರು.

"ಸುಂದರವ್ವ ಉಳದ್ರ ಈ ಸೇವಾ ಮಾಡತೇವಂತ ಹರಕಿ ಹೊತ್ತಿದ್ದೆ" ಎಂದಳು ಕಾಡವ್ವ.

ನೀಲಪ್ಪಕಾಕಾ ಕಾಯಿ, ಊದಿನಕಡ್ಡಿ ಹಿಡಿದು ಬಂದ. "ಯಕ್ಕಾ, ಪೂಜಾ ಮಾಡೂಣೇನ?"

ಅತ್ತಿ ನೀರಿನ ಚಂಬು ಎತ್ತಿಕೊಂಡಳು. "ಸರೀರಿ ಎಲ್ಲಾರೂ. ಮೊದಲನೇ ಪೂಜಾ ನಂದು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಯಾರೋ ಉಧೋ ಅಂದರು. "ಬಾಯಿ ಮುಚ್ಚೂ, ಭಾಡ್ಯಾ!" ಎಂದು ತಟ್ಟಿಯೊಳಗಿಂದ ದನಿ ಬಂತು. ಅವತ್ತು ನಕ್ಕಷ್ಟು ನಾವು ಎಂದೂ ನಕ್ಕಿಲ್ಲ.

ಲಿವರು ಮೊದಲಿನ ಹಾಗೆ ಆಗುವುದಿಲ್ಲವೆಂದು ಸಾಹೇಬರು ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಜೋಪಾನ ಮಾಡಿದರೆ ಅತ್ತಿ ರೊಟ್ಟಿ ಬಡಿಯುತ್ತ ಇರುತ್ತಾಳೆ ಎಂದೂ ಹೇಳಿದ್ದಾರೆ. ಈಗ ಉಣ್ಣುವವರನ್ನು ಕರೆಯುವುದು ನಾನು. "ಇನ್ನೊಂದ ರೊಟ್ಟಿ ಯಾರಿಗ್ರೀ?" ಎಂದು ಕೂಗಿದರೆ ನೀಲಪ್ಪಕಾಕಾ ಕಿವಿ ಮುಚ್ಚಿಕೊಳ್ಳುತ್ತಾನೆ. ಭರಣಿ ಮತ್ತೆ ಅವನ ಅಂಗಡಿಯಲ್ಲೇ, ಬೀಗ ಹಾಕಿದ ಪೆಟ್ಟಿಗೆಯೊಳಗೆ ಇದೆ. ಆದರೆ ಬೀಗದ ಕೈ ನನ್ನ ಹತ್ತಿರ.

ನಾಳೆ ಬೆಳಿಗ್ಗೆ ಎದ್ದು ಅತ್ತಿಯ ಕೈ ಚಾಚಿಸಿ ನೋಡುತ್ತೇನೆ. ಗಟ್ಟಿಯಾಗಿ ನಿಂತರೆ ಹಿಟ್ಟು ನಾದಿಟ್ಟು, ಈ ಕಾಗದವನ್ನು ಸವದತ್ತಿಯ ಬಸ್ಸಿಗೆ ಹೋಗಿ ತಾರಾಬಾಯಿಯವರಿಗೆ ಕೊಟ್ಟು ಬರುತ್ತೇನೆ.